ಬೆಳಕನ್ನು ಓದಿದ ವೈನು ಬಪ್ಪು

ಆಟಿಯ ಮಳೆ ಬಿಟ್ಟು ಮೋಡ ಸರಿದ ರಾತ್ರಿ ನಾಯ್ಮಾರ್ಮೂಲೆಯ ಮನೆಯಂಗಳದಲ್ಲಿ ನಿಂತು ತಲೆಯೆತ್ತಿದರೆ ನಮಗೆ ಕಾಣುವುದೆಲ್ಲ ಹಳೆಯ ಬೆಳಕು. ಒಂದೊಂದು ನಕ್ಷತ್ರದ ಕಿರಣವೂ ವರ್ಷಗಟ್ಟಲೆ ಹಾದಿ ನಡೆದು ಬಂದದ್ದು. ಆ ಬೆಳಕನ್ನು ಓದುವ ವಿದ್ಯೆಯನ್ನು ಸ್ವತಂತ್ರ ಭಾರತದಲ್ಲಿ ಬೆಳೆಸಿದವರಲ್ಲಿ ಡಾ. ವೈನು ಬಪ್ಪು ಪ್ರಮುಖರು. ಅವರ ಮನೆತನ ನಮ್ಮ ನೆರೆಯ ತಲಶ್ಶೇರಿಯದು. ಅವರು ಕಟ್ಟಿದ ಭಾರತೀಯ ಖಭೌತ ಸಂಸ್ಥೆ ಇರುವುದು ಬೆಂಗಳೂರಿನಲ್ಲಿ. ಎರಡು ಕಡೆಗೂ ನಂಟುಳ್ಳ ನಾವು ಅವರನ್ನು ನೆನೆಯುವುದು ಉಚಿತವೇ.

1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ ಜನಿಸಿದ ಬಪ್ಪು ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ನೌಕರರಾಗಿದ್ದರು. ಹೀಗಾಗಿ ದೂರದರ್ಶಕ ಹುಡುಗನಿಗೆ ಎಳವೆಯಿಂದಲೇ ಪರಿಚಿತ. ಹಾರ್ವರ್ಡಿಗೆ ಹೋದ ವರ್ಷವೇ, 1949ರಲ್ಲಿ, ಛಾಯಾಫಲಕವೊಂದರಲ್ಲಿ ಅವರಿಗೆ ಹೊಸ ಧೂಮಕೇತು ಕಂಡಿತು. ಅದಕ್ಕೆ ಬಪ್ಪು, ಬಾಕ್, ನ್ಯೂಕರ್ಕ್ ಎಂಬ ಮೂವರ ಹೆಸರೂ ಬಂತು. ಬಳಿಕ ಓಲಿನ್ ವಿಲ್ಸನ್ ಅವರೊಡನೆ ನಡೆಸಿದ ಸಂಶೋಧನೆ 1957ರಲ್ಲಿ ಪ್ರಕಟವಾಯಿತು. ವರ್ಣಪಟಲದಲ್ಲಿ ಕ್ಯಾಲ್ಸಿಯಮ್ಮಿನ ಗೆರೆ ಎಷ್ಟು ಅಗಲವಾಗಿದೆಯೆಂದು ಅಳೆದರೆ ಕೆಲವು ಬಗೆಯ ನಕ್ಷತ್ರಗಳ ನಿಜವಾದ ಪ್ರಖರತೆ ತಿಳಿಯುತ್ತದೆ. ಅದರಿಂದ ದೂರವೂ ತಿಳಿಯುತ್ತದೆ.

ಅಮೆರಿಕದಲ್ಲಿ ದೊಡ್ಡ ದೂರದರ್ಶಕಗಳು ಕೈಗೆಟಕುವಂತಿದ್ದರೂ ಅವರು 1953ರಲ್ಲಿ ಸ್ವದೇಶಕ್ಕೆ ಮರಳಿದರು. ನೈನಿತಾಲಿನ ವೀಕ್ಷಣಾಲಯವನ್ನು ರೂಪಿಸಿ, 1960ರಲ್ಲಿ ಕೊಡೈಕನಾಲಿನ ನಿರ್ದೇಶಕರಾದರು. ಅಲ್ಲಿ ಮಂಜು, ಮೋಡಗಳ ಕಾಟ. ನಕ್ಷತ್ರ ವೀಕ್ಷಣೆಗೆ ಒಳ್ಳೆಯ ತಾಣ ಹುಡುಕಿ ಜವ್ವಾದಿ ಬೆಟ್ಟಗಳ ಕಾವಲೂರನ್ನು ಆರಿಸಿದರು. 1977ರಲ್ಲಿ ಯುರೇನಸ್ಸಿನ ಉಂಗುರಗಳನ್ನು ಪತ್ತೆಹಚ್ಚಿದ ವೀಕ್ಷಣೆಗಳಲ್ಲಿ ಕಾವಲೂರಿಗೂ ಪಾಲುಂಟು.

ಈ ದೂರದೃಷ್ಟಿಯ ಬೆಲೆ ಮುಂದೆ ಇನ್ನಷ್ಟು ತಿಳಿಯಿತು. ಬೃಹತ್ ನಕ್ಷತ್ರ ಕುಸಿದು ಸಾಯುವಾಗ ಗಾಮಾ ಕಿರಣಗಳು ಸಿಡಿಯುತ್ತವೆ. ಸಿಡಿತ ಮುಗಿಯಲು ಕೆಲವು ಕ್ಷಣ ಸಾಕು. ಅದರ ಹಿಂದೆ ಉಳಿಯುವ ಮಂದ ಪ್ರಭೆಯನ್ನು ಮೊದಲು ಕಂಡದ್ದು 1997ರಲ್ಲಿ. ಈ ಪ್ರಭೆ ಗಂಟೆಗಂಟೆಗೂ ಕುಗ್ಗುತ್ತದೆ. ಆದರೆ ನಮ್ಮತ್ತ ಬರುವ ಹಾದಿಯಲ್ಲಿ ಸಿಕ್ಕ ಅನಿಲದ ಗುರುತನ್ನು ವರ್ಣಪಟಲದ ಗೆರೆಗಳಲ್ಲಿ ಹೊತ್ತು ತರುತ್ತದೆ. 2009ರ ಏಪ್ರಿಲ್ 23ರಂದು ಕಂಡ ಸ್ಫೋಟದ ಬೆಳಕು ಸುಮಾರು 1300 ಕೋಟಿ ವರ್ಷ ಪಯಣಿಸಿದ್ದು. ವಿಶ್ವ ಇನ್ನೂ ಎಳೆಯದಾಗಿದ್ದಾಗ ಹೊರಟದ್ದು. ಇಂಥ ಪ್ರಭೆ ತೋರಿದಾಗ ಅಮೆರಿಕದಲ್ಲಿ ಹಗಲಾಗಿದ್ದರೆ, ರಾತ್ರಿಯಿರುವ ನಮ್ಮ ಭಾಗದಲ್ಲಿ ಸಿದ್ಧವಾದ ದೂರದರ್ಶಕವಿರಬೇಕು. ಇಲ್ಲವಾದರೆ ಆ ಹೊತ್ತಿನ ಬೆಳಕು ಓದುವವರಿಲ್ಲದೆ ಹೋಗುತ್ತದೆ.

ಭಾರತದಲ್ಲೇ ದೊಡ್ಡ ದೂರದರ್ಶಕ ತಯಾರಾಗಬೇಕೆಂಬುದು ಬಪ್ಪು ಅವರ ಹಂಬಲ. ಅದಕ್ಕೆಂದು 2.34 ಮೀಟರ್ ಅಗಲದ ಕನ್ನಡಿಯನ್ನು ಉಜ್ಜಿ ನಯಗೊಳಿಸುವ ಕೆಲಸ ಬೆಂಗಳೂರಿನಲ್ಲೇ ನಡೆಯಿತು. ಆದರೆ ಅದರಲ್ಲಿ ಆಕಾಶ ನೋಡುವ ಭಾಗ್ಯ ಅವರಿಗಿರಲಿಲ್ಲ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾಗಿದ್ದಾಗಲೇ, 1982ರ ಆಗಸ್ಟ್ 19ರಂದು, ಮ್ಯೂನಿಕ್ಕಿನಲ್ಲಿ ತೀರಿಕೊಂಡರು. ವಯಸ್ಸು 55. ಆ ದೂರದರ್ಶಕಕ್ಕೆ 1986ರ ಜನವರಿಯಲ್ಲಿ ಅವರ ಹೆಸರನ್ನಿಡಲಾಯಿತು.

ಅವರ ಸಂಸ್ಥೆ ಮುಂದೆ ಲಡಾಖಿನ ಹಾನ್ಲೆಯಲ್ಲಿ, ಸುಮಾರು 4500 ಮೀಟರ್ ಎತ್ತರದಲ್ಲಿ, ಎರಡು ಮೀಟರಿನ ದೂರದರ್ಶಕವನ್ನು ಸ್ಥಾಪಿಸಿತು. ಅದನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಗಾಮಾ ಸ್ಫೋಟಗಳ ಪ್ರಭೆಯನ್ನು ಅದೂ ಹಿಂಬಾಲಿಸಿದೆ. ಕಾಯುವ ಕಣ್ಣೊಂದು ಇಲ್ಲಿಯೂ ಇರಲೆಂದು ದುಡಿದ ತಲಶ್ಶೇರಿ ಮನೆತನದ ಈ ಮಹನೀಯರನ್ನು ನಮ್ಮ ಮಕ್ಕಳೂ ಅರಿಯಲಿ.