ಬೊನ್‌ಫೆರೊನಿ ಅಂದರೆ ಯಾರು?

ಹಲವು ಗುಂಪುಗಳ ಸರಾಸರಿ ಹೋಲಿಸಲು ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ತೆರೆದರೆ ಒಂದು ಪಟ್ಟಿ ಬರುತ್ತದೆ. ಅದರಲ್ಲಿ ‘ಬೊನ್‌ಫೆರೊನಿ’ ಎಂಬ ಹೆಸರಿಗೆ ಟಿಕ್ ಹಾಕಿ ನಾವು ಮುಂದೆ ಹೋಗುತ್ತೇವೆ. ಅದೊಂದು ಸೂತ್ರದ ಹೆಸರು ಅಂದುಕೊಂಡವರೇ ಹೆಚ್ಚು. ಅದು ಪಿಯಾನೊ ಕಲಿತಿದ್ದ ಒಬ್ಬ ಗಣಿತದ ಮೇಷ್ಟ್ರ ಹೆಸರು.

ಕಾರ್ಲೊ ಎಮಿಲಿಯೊ ಬೊನ್‌ಫೆರೊನಿ ಹುಟ್ಟಿದ್ದು 1892ರಲ್ಲಿ, ಇಟಲಿಯ ಬೆರ್ಗಾಮೊದಲ್ಲಿ. ಟುರಿನ್‌ನಲ್ಲಿ ಸಂಗೀತವನ್ನೂ ಕಲಿತರು, ಗಣಿತವನ್ನೂ ಓದಿದರು. ಪೆಯಾನೊ ಅವರಂಥ ಗುರು ಸಿಕ್ಕರು. ಮೊದಲ ಮಹಾಯುದ್ಧದಲ್ಲಿ ಸೇನೆಯ ಎಂಜಿನಿಯರಿಂಗ್ ದಳದಲ್ಲಿದ್ದರು (ನಮ್ಮ ಕಡೆಯವರೇ ಅನ್ನಿ!). 1923ರಲ್ಲಿ ಬಾರಿ ನಗರದಲ್ಲಿ ಹಣಕಾಸು ಗಣಿತದ ಪ್ರಾಧ್ಯಾಪಕರಾದರು. 1933ರಿಂದ ಕೊನೆಯವರೆಗೂ ಫ್ಲಾರೆನ್ಸ್‌ನಲ್ಲೇ ಪಾಠ ಹೇಳಿದರು. ವಿದ್ಯಾರ್ಥಿಗಳಿಗೆ ಖರ್ಚು ಕಡಿಮೆಯಾಗಲಿ ಎಂದು ಪಠ್ಯಪುಸ್ತಕವನ್ನು ತಮ್ಮ ಕೈಬರಹದಲ್ಲೇ ಅಚ್ಚು ಹಾಕಿಸಿದರಂತೆ. ಸೀನಿಯರ್‌ಗಳ ನೋಟ್ಸ್ ಜೆರಾಕ್ಸ್ ಮಾಡಿಸಿ ಓದುವ ನಮಗೆ ಇದರ ಬೆಲೆ ಗೊತ್ತು.

ಅವರು ತಲೆ ಕೆಡಿಸಿಕೊಂಡದ್ದು ವಿಮೆಯ ಲೆಕ್ಕಕ್ಕೆ. ಒಂದು ಗುಂಪಿನವರಿಗೆ ಒಟ್ಟಿಗೆ ವಿಮೆ ಮಾಡಿಸಿದಾಗ, ಅವರಲ್ಲಿ ಒಬ್ಬರಾದರೂ ಸಾಯುವ ಸಂಭವನೀಯತೆ ಎಷ್ಟು? ಒಬ್ಬೊಬ್ಬರ ಸಂಭವನೀಯತೆಯನ್ನೂ ಕೂಡಿದರೆ ಬರುವ ಮೊತ್ತವನ್ನು ಉತ್ತರ ಎಂದೂ ಮೀರದು. ಇಷ್ಟು ಜಾರ್ಜ್ ಬೂಲ್ ಅವರಿಗೂ ಗೊತ್ತಿತ್ತು. ಅದರಲ್ಲಿ ಇಬ್ಬಿಬ್ಬರ ಲೆಕ್ಕ ಕಳೆದರೆ ಕೆಳಗಿನ ಮಿತಿ ಸಿಗುತ್ತದೆ, ಮೂವರ ಲೆಕ್ಕ ಕೂಡಿದರೆ ಮತ್ತೆ ಮೇಲಿನ ಮಿತಿ. 1936ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಲ್ಲಿ ಈ ಮಿತಿಗಳ ಸರಣಿ ಇದೆ.

ಈಗ ‘ಸಾವು’ ಇದ್ದಲ್ಲಿ ‘ತಪ್ಪು’ ಎಂದು ಹಾಕಿ ನೋಡಿ. 5 ಬಗೆಯ ಕಾಂಕ್ರೀಟ್ ಮಿಶ್ರಣಗಳ ಸರಾಸರಿ ಬಲವನ್ನು ಹೋಲಿಸಬೇಕು. ಜೋಡಿಗಳು 10. ಪ್ರತಿ ಜೋಡಿಗೂ ಶೇ 95ರ ಕಾನ್ಫಿಡೆನ್ಸ್ ಇಂಟರ್‌ವಲ್ ಹಾಕಿದರೆ ಒಂದೊಂದರಲ್ಲೂ ತಪ್ಪುವ ಸಾಧ್ಯತೆ ಶೇ 5. ಹತ್ತರಲ್ಲಿ ಒಂದಾದರೂ ತಪ್ಪುವ ಸಾಧ್ಯತೆಗೆ ಈ ಲೆಕ್ಕ ಕೊಡುವ ಮಿತಿ ಶೇ 50! ಹಾಗಾಗಿ 5ನ್ನು 10ರಿಂದ ಭಾಗಿಸಿ, ಪ್ರತಿ ಜೋಡಿಗೂ ಶೇ 99.5ರ ಇಂಟರ್‌ವಲ್ ಹಾಕಬೇಕು. ಆಗ ಒಟ್ಟು ತಪ್ಪು ಶೇ 5 ದಾಟುವುದಿಲ್ಲ. ಇದು ಪುಕ್ಕಟೆ ಅಲ್ಲ. ಸ್ಯಾಂಪಲ್ ದೊಡ್ಡದಿದ್ದರೂ 1.96 ಇದ್ದಲ್ಲಿ 2.81 ಬರುತ್ತದೆ, ಇಂಟರ್‌ವಲ್ ಸುಮಾರು 1.4 ಪಟ್ಟು ಅಗಲವಾಗುತ್ತದೆ. ನಿಜವಾಗಿ ಇರುವ ವ್ಯತ್ಯಾಸವೂ ಅದರೊಳಗೆ ಮುಚ್ಚಿಹೋಗಬಹುದು.

ಈ ಭಾಗಾಕಾರವನ್ನು ಸರಾಸರಿಗಳ ಹೋಲಿಕೆಗೆ ಬಳಕೆಗೆ ತಂದವರು ಮಾತ್ರ ಬೊನ್‌ಫೆರೊನಿ ಅಲ್ಲ, ಅಮೆರಿಕದ ಓಲಿವ್ ಜೀನ್ ಡನ್. ನನ್ನ ಪ್ರಕಾರ ಆ ಪಟ್ಟಿಯಲ್ಲಿ ಅವರ ಹೆಸರೂ ಜೊತೆಗೆ ಇರಬೇಕಿತ್ತು. ಅವರ ಪ್ರಬಂಧ ಬಂದದ್ದು 1961ರಲ್ಲಿ. ಅದನ್ನು ನೋಡಲು ಬೊನ್‌ಫೆರೊನಿ ಇರಲಿಲ್ಲ. 1960ರ ಆಗಸ್ಟ್‌ನಲ್ಲೇ ಅವರು ಫ್ಲಾರೆನ್ಸ್‌ನಲ್ಲಿ ತೀರಿಕೊಂಡಿದ್ದರು.