ದಾಟುವವರಿಗೆ ಸಮಯ ಕೊಟ್ಟ ಗ್ಯಾರೆಟ್ ಮಾರ್ಗನ್



ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ದಾರಿಯಲ್ಲಿ ಚೌಡಾಪುರ ಸಿಗುತ್ತದೆ. ದೇವಲ ಗಾಣಗಾಪುರದ ದತ್ತನ ದರ್ಶನಕ್ಕೆ ಹೋಗುವವರು ಇಲ್ಲಿಯೇ ತಿರುಗಬೇಕು. ಹೀಗಾಗಿ ಈ ಕ್ರಾಸಿನಲ್ಲಿ ಬಸ್ಸು, ಕ್ರೂಸರ್, ಟಂಟಂ, ಲಾರಿ ಎಲ್ಲವೂ ಸೇರುತ್ತವೆ. ಹುಣ್ಣಿಮೆ ಬಂದರಂತೂ ಕೇಳುವುದೇ ಬೇಡ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಬೇರೆ. ಮೊದಲ ಟ್ರಾಲಿ ಹೋಯಿತು ಎಂದು ಕಾಲಿಟ್ಟರೆ ಹಿಂದೆ ಇನ್ನೊಂದು ಇರುತ್ತದೆ! ಆಳಂದ, ಅಫಜಲಪುರ, ಜೇವರ್ಗಿ ಭಾಗದಲ್ಲಿ ನಿಮ್ಮಂಥ ಎಷ್ಟೋ ಮಕ್ಕಳು ಇಂಥ ರಸ್ತೆ ದಾಟಿಯೇ ಶಾಲೆಗೆ ಬರುತ್ತಾರೆ.

ಒಂದು ಸಣ್ಣ ಲೆಕ್ಕ ಮಾಡೋಣ. ಎರಡು ವಾಹನಗಳು ಎದುರುಬದುರು ಹೋಗುವಂಥ ಡಾಂಬರು ರಸ್ತೆಯ ಅಗಲ ಸುಮಾರು 7 ಮೀಟರ್. ಓಡದೆ ನಡೆದರೆ ನೀವು ಒಂದು ಸೆಕೆಂಡಿಗೆ ಸುಮಾರು ಒಂದು ಮೀಟರ್ ಹೋಗುತ್ತೀರಿ. ಅಂದರೆ ರಸ್ತೆ ದಾಟಲು 7 ಸೆಕೆಂಡು ಬೇಕು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ ಜೀಪು ಒಂದು ಸೆಕೆಂಡಿಗೆ ಎಷ್ಟು ದೂರ ಬರುತ್ತದೆ? 60,000 ಮೀಟರನ್ನು 3,600 ಸೆಕೆಂಡಿನಿಂದ ಭಾಗಿಸಿ ನೋಡಿ. ಸುಮಾರು 16.7 ಮೀಟರ್ ಬರುತ್ತದೆಯಲ್ಲವೇ? 7 ಸೆಕೆಂಡಿಗೆ 117 ಮೀಟರ್ ಆಯಿತು. ಗಂಡಸರ ಕಬಡ್ಡಿ ಅಂಕಣದ ಉದ್ದ 13 ಮೀಟರ್. ಅಂಥ 9 ಅಂಕಣಗಳನ್ನು ಸಾಲಾಗಿ ಇಟ್ಟಷ್ಟು ದೂರ! ಜೀಪು ಅದಕ್ಕಿಂತ ಹತ್ತಿರ ಇದ್ದರೆ, ನೀವು ಆಚೆ ಮುಟ್ಟುವ ಮೊದಲೇ ಅದು ಬಂದುಬಿಡುತ್ತದೆ. ದೂರದ ವಾಹನ ಎಷ್ಟು ವೇಗವಾಗಿ ಬರುತ್ತಿದೆ ಎಂದು ಅಂದಾಜು ಮಾಡುವ ಶಕ್ತಿ ನಿಮ್ಮ ವಯಸ್ಸಿನಲ್ಲಿ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಇದು ನಿಮ್ಮ ತಪ್ಪಲ್ಲ. ಬೆಳೆಯುತ್ತ ಬರುವಂಥದ್ದು.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ನಡೆದು ಹೋಗುತ್ತಿದ್ದ 32,825 ಜನ ಪ್ರಾಣ ಕಳೆದುಕೊಂಡರು. ದಿನಕ್ಕೆ ಸುಮಾರು 90 ಜನ. ಹುಷಾರಾಗಿ ದಾಟಿ ಎಂದು ಹಿರಿಯರು ಹೇಳುತ್ತಲೇ ಇರುತ್ತಾರೆ. ಆದರೆ ನಡೆಯುವವರು ಹುಷಾರಾಗಿದ್ದರೆ ಸಾಕೇ? ಅವರಿಗೆ 7 ಸೆಕೆಂಡು ಸಿಗುವಂತೆ ವಾಹನಗಳೇ ನಿಲ್ಲಬೇಡವೇ? ನೂರು ವರ್ಷಗಳ ಹಿಂದೆ ಎಲ್ಲ ದಿಕ್ಕಿನ ವಾಹನಗಳನ್ನೂ ಒಮ್ಮೆಗೇ ನಿಲ್ಲಿಸುವ ಒಂದು ಯಂತ್ರ ಮಾಡಿದವರು ಗ್ಯಾರೆಟ್ ಮಾರ್ಗನ್. ಅವರು ಶಾಲೆ ಕಲಿತದ್ದು ನಿಮ್ಮಷ್ಟೇ!

ಗ್ಯಾರೆಟ್ ಹುಟ್ಟಿದ್ದು 1877ರ ಮಾರ್ಚ್ 4ರಂದು, ಅಮೆರಿಕದ ಕೆಂಟಕಿ ರಾಜ್ಯದಲ್ಲಿ. ಹನ್ನೊಂದು ಮಕ್ಕಳಲ್ಲಿ ಅವನು ಏಳನೆಯವನು. ತಂದೆತಾಯಿ ಇಬ್ಬರೂ ಮೊದಲು ಗುಲಾಮರಾಗಿದ್ದವರು. ಆಗ ಅಮೆರಿಕದಲ್ಲಿ ಆಫ್ರಿಕಾ ಮೂಲದ ಕಪ್ಪು ಜನರನ್ನು ದನಗಳಂತೆ ಕೊಳ್ಳುತ್ತಿದ್ದರು, ಮಾರುತ್ತಿದ್ದರು. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಹೋಯಿತು. ಜನರ ಮನಸ್ಸಿನಿಂದ ಹೋಗಿರಲಿಲ್ಲ. ಗ್ಯಾರೆಟ್ ಹೊಲದಲ್ಲಿ ದುಡಿಯುತ್ತ ಆರನೆಯ ತರಗತಿಯವರೆಗೆ ಮಾತ್ರ ಓದಿದ. ಹದಿನಾಲ್ಕನೆಯ ವಯಸ್ಸಿಗೆ ಕೆಲಸ ಹುಡುಕುತ್ತ ಸಿನ್ಸಿನಾಟಿ ನಗರಕ್ಕೆ ಹೋದ. ಸಿಕ್ಕ ಕೆಲಸ ಮಾಡುತ್ತ, ಕೂಲಿಯ ಹಣದಲ್ಲಿಯೇ ಒಬ್ಬ ಮೇಷ್ಟರನ್ನು ಗೊತ್ತು ಮಾಡಿಕೊಂಡು ಓದು ಮುಂದುವರಿಸಿದ. 1895ರಲ್ಲಿ ಕ್ಲೀವ್‌ಲ್ಯಾಂಡ್ ನಗರಕ್ಕೆ ಬಂದ. ಮುಂದೆ ಅದೇ ಅವನ ಊರಾಯಿತು.

ಅಲ್ಲಿ ಅವನಿಗೆ ಸಿಕ್ಕಿದ್ದು ಬಟ್ಟೆ ಕಾರ್ಖಾನೆಯಲ್ಲಿ ಕೆಲಸ. ಹೊಲಿಗೆ ಯಂತ್ರ ಕೆಟ್ಟರೆ ಬಿಚ್ಚುವುದು, ನೋಡುವುದು, ಸರಿಮಾಡಿ ಜೋಡಿಸುವುದು. ಯಾವ ಭಾಗ ಯಾವುದನ್ನು ತಿರುಗಿಸುತ್ತದೆ ಎಂಬುದನ್ನು ಅವನು ಹೀಗೆಯೇ ಕಲಿತ. 1907ರಲ್ಲಿ ಮಾರ್ಗನ್ ಹೊಲಿಗೆ ಯಂತ್ರಗಳ ಸ್ವಂತ ಅಂಗಡಿ ತೆರೆದರು. ಹೊಲಿಗೆ ಸೂಜಿ ಬಿಸಿಯಾಗದಿರಲಿ ಎಂದು ಒಂದು ದ್ರವ ತಯಾರಿಸುತ್ತಿದ್ದಾಗ, ಅದು ತಾಗಿದ ಬಟ್ಟೆಯ ಎಳೆಗಳು ನೆಟ್ಟಗಾಗಿದ್ದು ಕಂಡಿತು. ಪಕ್ಕದ ಮನೆಯ ಗುಂಗುರು ಕೂದಲಿನ ನಾಯಿಗೆ ಹಚ್ಚಿ ನೋಡಿದರು. ನಾಯಿಯ ಕೂದಲೂ ನೆಟ್ಟಗಾಯಿತು! ಕೂದಲು ನೆಟ್ಟಗೆ ಮಾಡುವ ಆ ಔಷಧ ಮಾರಿ ಅವರು ಒಳ್ಳೆಯ ಹಣ ಗಳಿಸಿದರು. ಪಾಪ, ಆ ನಾಯಿಗೆ ಏನೂ ಸಿಗಲಿಲ್ಲ.

ಆ ಕಾಲದಲ್ಲಿ ಬೆಂಕಿ ನಂದಿಸಲು ಹೋದವರು ಬೆಂಕಿಗಿಂತ ಹೆಚ್ಚಾಗಿ ಹೊಗೆಯಿಂದ ಸಾಯುತ್ತಿದ್ದರು. ಮಾರ್ಗನ್ ಇದನ್ನು ಯೋಚಿಸಿದರು. ನಿಮ್ಮ ಅಡುಗೆಮನೆಯಲ್ಲಿ ಒಲೆಯ ಹೊಗೆ ಎಲ್ಲಿ ತುಂಬಿಕೊಳ್ಳುತ್ತದೆ, ನೋಡಿದ್ದೀರಾ? ಮಾಡಿನ ಹತ್ತಿರ. ಬಿಸಿ ಗಾಳಿ ಹಗುರ, ಆದ್ದರಿಂದ ಹೊಗೆಯನ್ನು ಎತ್ತಿಕೊಂಡು ಮೇಲೇರುತ್ತದೆ. ನೆಲದ ಸಮೀಪ ಉಸಿರಾಡುವಂಥ ಗಾಳಿ ಸ್ವಲ್ಪ ಹೊತ್ತು ಉಳಿದಿರುತ್ತದೆ. ಮಾರ್ಗನ್ ತಲೆಗೆ ಪೂರ್ತಿ ಹಾಕಿಕೊಳ್ಳುವ ಒಂದು ಮುಸುಕು ಮಾಡಿ, ಅದರಿಂದ ನೆಲದವರೆಗೆ ಇಳಿಯುವ ಉದ್ದನೆಯ ಕೊಳವೆಗಳನ್ನು ಜೋಡಿಸಿದರು. ಕೊಳವೆಯಲ್ಲಿ ಒದ್ದೆ ಸ್ಪಂಜು ಇತ್ತು. ಅದು ಹೊಗೆಯ ಕಣಗಳನ್ನು ಹಿಡಿದು ಗಾಳಿಯನ್ನು ತಂಪು ಮಾಡುತ್ತಿತ್ತು. 1914ರಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿತು. (ಇದನ್ನು ಕಂಡುಹಿಡಿದವರು ಇವರೇ ಎಂದು ಸರಕಾರ ಕೊಡುವ ಹಕ್ಕುಪತ್ರಕ್ಕೆ ಪೇಟೆಂಟ್ ಎನ್ನುತ್ತಾರೆ.)

ಆದರೆ ಕಪ್ಪು ಜನಾಂಗದವನು ಮಾಡಿದ ವಸ್ತುವನ್ನು ಬಿಳಿಯರು ಕೊಳ್ಳುತ್ತಾರೆಯೇ? ಮಾರ್ಗನ್ ಒಂದು ಉಪಾಯ ಮಾಡಿದರು. ಒಬ್ಬ ಬಿಳಿಯ ನಟನನ್ನು ಒಡೆಯನಂತೆ ನಿಲ್ಲಿಸಿ, ತಾವು ಅವನ ಸಹಾಯಕನಂತೆ ವೇಷ ಹಾಕಿ, ಹೊಗೆ ತುಂಬಿದ ಡೇರೆಯೊಳಗೆ ಹೋಗಿ ಬಹಳ ಹೊತ್ತು ಇದ್ದು ಹೊರಗೆ ಬರುತ್ತಿದ್ದರು. ತಾನೇ ಮಾಡಿದ ಯಂತ್ರವನ್ನು ತನ್ನದಲ್ಲ ಎಂಬಂತೆ ತೋರಿಸುವುದು ಎಂಥ ಕಷ್ಟ, ಯೋಚಿಸಿ.

1916ರ ಜುಲೈ 24ರ ರಾತ್ರಿ. ಕ್ಲೀವ್‌ಲ್ಯಾಂಡ್ ನಗರ ಈರಿ ಎಂಬ ದೊಡ್ಡ ಸರೋವರದ ದಂಡೆಯಲ್ಲಿದೆ. ಸರೋವರದ ನಡುವಿನಿಂದ ಚೊಕ್ಕ ಕುಡಿಯುವ ನೀರು ತರಲು ತಳದ ಕೆಳಗೆ ಸುರಂಗ ತೋಡುತ್ತಿದ್ದರು. ನೆಲದೊಳಗೆ ಸೇರಿಕೊಂಡಿದ್ದ ಅನಿಲ ಸಿಡಿದು ಕೆಲಸಗಾರರು ಒಳಗೇ ಸಿಕ್ಕಿಬಿದ್ದರು. ಅವರನ್ನು ತರಲು ಇಳಿದವರೂ ಮೇಲೆ ಬರಲಿಲ್ಲ. ಮತ್ತೊಂದು ತಂಡ ಇಳಿಯಿತು. ಅವರಲ್ಲಿಯೂ ಹಲವರು ಸತ್ತರು. ಮಧ್ಯರಾತ್ರಿಯ ನಂತರ ಯಾರಿಗೋ ಮಾರ್ಗನ್ ಅವರ ಮುಸುಕಿನ ನೆನಪಾಯಿತು. ಸುದ್ದಿ ಮುಟ್ಟಿದ ಕೂಡಲೇ ಅವರು ತಮ್ಮ ಸಹೋದರ ಫ್ರಾಂಕ್‌ನನ್ನು ಕರೆದುಕೊಂಡು, ಮನೆಯಲ್ಲಿದ್ದ ಮುಸುಕುಗಳನ್ನೆಲ್ಲ ಹೊತ್ತು ಬಂದರು. ಅಲ್ಲಿದ್ದ ಹೆಚ್ಚಿನವರಿಗೆ ನಂಬಿಕೆ ಇರಲಿಲ್ಲ. ಅಣ್ಣತಮ್ಮಂದಿರಿಬ್ಬರೂ ಮುಸುಕು ಹಾಕಿಕೊಂಡು ತಾವೇ ಇಳಿದರು. ಒಬ್ಬನನ್ನು ಹೊತ್ತು ತಂದರು. ಅದನ್ನು ಕಂಡ ಮೇಲೆ ಬೇರೆಯವರೂ ಧೈರ್ಯ ಮಾಡಿದರು. ಮಾರ್ಗನ್ ಮತ್ತೆ ಮತ್ತೆ ಇಳಿದರು. ಇಬ್ಬರು ಜೀವಂತವಾಗಿ ಹೊರಗೆ ಬಂದರು, ಸತ್ತ ಹಲವರ ದೇಹಗಳೂ ಮನೆಯವರಿಗೆ ಸಿಕ್ಕವು.

ಮರುದಿನದ ಪತ್ರಿಕೆಗಳು ಬಿಳಿಯ ವೀರರ ಹೆಸರುಗಳನ್ನು ಅಚ್ಚು ಮಾಡಿದವು. ಶೌರ್ಯ ಪದಕಗಳೂ ಬೇರೆಯವರ ಪಾಲಾದವು. ಮುಸುಕು ಮಾಡಿದವರು ಕಪ್ಪು ಜನಾಂಗದವರು ಎಂದು ಈ ಘಟನೆಯಿಂದ ಗೊತ್ತಾಗಿ, ಕೆಲವು ಊರಿನ ಅಗ್ನಿಶಾಮಕ ದಳಗಳು ಕೊಟ್ಟಿದ್ದ ಆರ್ಡರುಗಳನ್ನು ವಾಪಸ್ ಪಡೆದವು. ತಮ್ಮ ಜೀವ ಉಳಿಸುವ ವಸ್ತುವನ್ನೇ ಬೇಡವೆಂದರು! ಜಾತಿ ನೋಡಿ ನೀರು ಬೇಡವೆನ್ನುವುದನ್ನು ಕೇಳಿ ಬಲ್ಲ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾರ್ಗನ್ ಕೆಲಸ ನಿಲ್ಲಿಸಲಿಲ್ಲ. ಆಗ ಕ್ಲೀವ್‌ಲ್ಯಾಂಡಿನ ಬೀದಿಗಳಲ್ಲಿ ಕುದುರೆ ಗಾಡಿ, ಸೈಕಲ್, ಟ್ರಾಮು, ಹೊಸದಾಗಿ ಬಂದ ಮೋಟಾರು, ನಡೆಯುವವರು ಎಲ್ಲರೂ ಒಟ್ಟಿಗೆ ನುಗ್ಗುತ್ತಿದ್ದರು. ಒಂದು ಕ್ರಾಸಿನಲ್ಲಿ ಮೋಟಾರು ಮತ್ತು ಕುದುರೆ ಗಾಡಿ ಡಿಕ್ಕಿ ಹೊಡೆದದ್ದನ್ನು ಅವರು ನೋಡಿದರು. ಆ ನೋಟ ಅವರನ್ನು ಬಿಡಲಿಲ್ಲ.

ಮೊದಲ ಸಿಗ್ನಲ್ ಮಾಡಿದವರು ಮಾರ್ಗನ್ ಎಂದು ಕೆಲವು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅದು ಸರಿಯಲ್ಲ. 1868ರಲ್ಲಿಯೇ ಲಂಡನ್ನಿನಲ್ಲಿ ಗ್ಯಾಸ್ ದೀಪದ ಸಿಗ್ನಲ್ ನಿಲ್ಲಿಸಿದ್ದರು. ಅದು ಮರುವರ್ಷ ಸಿಡಿಯಿತು. 1914ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿಯೇ ವಿದ್ಯುತ್ ಸಿಗ್ನಲ್ ಬಂತು. 1920ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಕೆಂಪು, ಹಳದಿ, ಹಸಿರು ಮೂರೂ ದೀಪಗಳಿದ್ದ ಸಿಗ್ನಲ್ ಬಂತು. ಹಾಗಾದರೆ ಮಾರ್ಗನ್ ಮಾಡಿದ್ದೇನು?

ಆಗಿನ ಹಲವು ಸಿಗ್ನಲ್‌ಗಳಲ್ಲಿ ಎರಡೇ ಸೂಚನೆ: ನಿಲ್ಲು, ಹೋಗು. ಒಂದು ದಿಕ್ಕಿಗೆ ನಿಲ್ಲು ಎಂದ ಗಳಿಗೆಯಲ್ಲಿಯೇ ಇನ್ನೊಂದು ದಿಕ್ಕಿಗೆ ಹೋಗು ಎಂದಾಗುತ್ತಿತ್ತು. ಈ ಕಡೆಯ ಗಾಡಿ ಇನ್ನೂ ಕ್ರಾಸಿನ ನಡುವೆ ಇರುವಾಗಲೇ ಆ ಕಡೆಯದು ಹೊರಡುತ್ತಿತ್ತು. ನಡೆಯುವವರಿಗೆ ಜಾಗವೂ ಇಲ್ಲ, ಸಮಯವೂ ಇಲ್ಲ. ಮಾರ್ಗನ್ ಅವರ ಸಿಗ್ನಲ್ ತೋಳುಗಳಿದ್ದ ಒಂದು ಕಂಬ. ಹಿಡಿಕೆ ತಿರುಗಿಸಿದರೆ ತೋಳುಗಳು ತಿರುಗುತ್ತಿದ್ದವು. ವಿದ್ಯುತ್ ಬೇಕಾಗಿರಲಿಲ್ಲ. ಅದರಲ್ಲಿ ಮೂರನೆಯ ಸ್ಥಿತಿಯೊಂದಿತ್ತು. ತೋಳುಗಳು ಮೇಲಕ್ಕೆತ್ತಿದಾಗ ನಾಲ್ಕೂ ದಿಕ್ಕಿನ ವಾಹನಗಳು ನಿಲ್ಲಬೇಕು! ಆಗ ಕ್ರಾಸು ಖಾಲಿಯಾಗುತ್ತದೆ, ನಡೆಯುವವರು ದಾಟುತ್ತಾರೆ. ಆಮೇಲೆ ಇನ್ನೊಂದು ದಿಕ್ಕಿಗೆ ಬಿಡುವುದು. ರಾತ್ರಿ ಪೊಲೀಸರು ಇಲ್ಲದಾಗ ತೋಳುಗಳನ್ನು ಅರ್ಧಕ್ಕೆ ನಿಲ್ಲಿಸಿದರೆ ನಿಧಾನವಾಗಿ ನೋಡಿಕೊಂಡು ಹೋಗಿ ಎಂಬ ಅರ್ಥ. 1923ರ ನವೆಂಬರ್ 20ರಂದು ಇದಕ್ಕೆ ಪೇಟೆಂಟ್ ಸಿಕ್ಕಿತು.

ಇದೇನು ಮಹಾ ವಿಷಯ ಎಂದು ನಿಮಗೆ ಅನ್ನಿಸಬಹುದು. ನನ್ನ ಮಟ್ಟಿಗೆ ಇದು ಹೊಗೆಯ ಮುಸುಕಿನಷ್ಟೇ ದೊಡ್ಡದು. ಓಡಿ ದಾಟುವ ಚುರುಕು ಎಲ್ಲರಿಗೂ ಇರುವುದಿಲ್ಲ. ಕೋಲು ಹಿಡಿದ ಅಜ್ಜಿ, ಒಂದನೆಯ ತರಗತಿಯ ಮಗು, ಕಾಲು ಊನವಾದವರು ಇವರೂ ದಾಟಬೇಕಲ್ಲ? ಇಂದಿನ ಸಿಗ್ನಲ್‌ಗಳಲ್ಲಿಯೂ ಒಂದು ದಿಕ್ಕು ಕೆಂಪಾದ ಮೇಲೆ ಕೆಲವು ಸೆಕೆಂಡು ಎಲ್ಲ ದಿಕ್ಕಿಗೂ ಕೆಂಪು ಇಡುತ್ತಾರೆ. ಜಪಾನಿನ ಟೋಕಿಯೋ ನಗರದ ಶಿಬುಯಾ ಎಂಬಲ್ಲಿ ಎಲ್ಲ ವಾಹನಗಳೂ ನಿಂತಾಗ ಜನ ಅಡ್ಡಡ್ಡವಾಗಿ, ಮೂಲೆಯಿಂದ ಮೂಲೆಗೆ ದಾಟುತ್ತಾರೆ.

ನಮ್ಮ ಹಳ್ಳಿಗಳ ಹೆಚ್ಚಿನ ಕ್ರಾಸುಗಳಲ್ಲಿ ಸಿಗ್ನಲ್ ಇಲ್ಲ. ಅಲ್ಲಿ ಈ ಬಿಡುವನ್ನು ಬೇರೆ ರೀತಿಯಲ್ಲಿ ಪಡೆಯಬೇಕು. ಶಾಲೆಯ ಎದುರು ರೋಡ್ ಹಂಪ್ ಇದ್ದರೆ ವಾಹನದ ವೇಗ ಇಳಿಯುತ್ತದೆ. ವೇಗ ಅರ್ಧವಾದರೆ, ಬ್ರೇಕ್ ಒತ್ತಿದ ಮೇಲೆ ವಾಹನ ಉರುಳುವ ದೂರ ಅರ್ಧವಲ್ಲ, ಕಾಲು ಭಾಗವಾಗುತ್ತದೆ! ಶಾಲೆ ಬಿಡುವ ಹೊತ್ತಿಗೆ ದೊಡ್ಡವರೊಬ್ಬರು ನಿಲ್ಲಿ ಎಂಬ ಫಲಕ ಹಿಡಿದು ಎರಡೂ ಕಡೆಯ ವಾಹನ ತಡೆದರೆ, ಅವರೇ ಮಾರ್ಗನ್ ಸಿಗ್ನಲ್ ಆದಂತೆ. ಬಸ್ಸಿನಿಂದ ಇಳಿದವರು ಮಾತ್ರ ಬಸ್ಸು ಹೋಗುವವರೆಗೆ ಕಾಯಿರಿ. ಬೆಳಕು ನೇರವಾಗಿ ಸಾಗುತ್ತದೆ ಎಂದು ಓದಿದ್ದೀರಲ್ಲ? ಬಸ್ಸು ಅಡ್ಡ ಇದ್ದಾಗ ಆಚೆಯ ಟಂಟಂ ನಿಮಗೆ ಕಾಣುವುದಿಲ್ಲ, ಅದರ ಚಾಲಕನಿಗೆ ನೀವೂ ಕಾಣುವುದಿಲ್ಲ.

ಒಂದು ಚಟುವಟಿಕೆ ಮಾಡಿ. ಶಾಲೆಯ ಮೈದಾನದಲ್ಲಿ, ರಸ್ತೆಯಲ್ಲಿ ಅಲ್ಲ, 7 ಮೀಟರ್ ಅಂತರಕ್ಕೆ ಸುಣ್ಣದಿಂದ ಎರಡು ಗೆರೆ ಎಳೆಯಿರಿ. ಪಾಠಿಚೀಲ ಹೊತ್ತು ಒಬ್ಬೊಬ್ಬರೇ ನಡೆಯಿರಿ. ಗಡಿಯಾರ ನೋಡಿ ಸೆಕೆಂಡು ಬರೆದುಕೊಳ್ಳಿ. ಒಂದನೆಯ ತರಗತಿಯವರನ್ನೂ ನಡೆಸಿ. ಆ ಸೆಕೆಂಡುಗಳನ್ನು 16.7ರಿಂದ ಗುಣಿಸಿದರೆ, ವಾಹನ ಎಷ್ಟು ಮೀಟರ್ ದೂರ ಇರಬೇಕು ಎಂದು ತಿಳಿಯುತ್ತದೆ. ಪಂಚಾಯಿತಿಯವರು ಮಕ್ಕಳ ಗ್ರಾಮಸಭೆ ಕರೆದಾಗ ಈ ಪಟ್ಟಿಯನ್ನು ತೆಗೆದುಕೊಂಡು ಹೋಗಿ. ಹಂಪ್ ಬೇಕು, ಜೀಬ್ರಾ ಪಟ್ಟೆ ಬೇಕು ಎಂದು ಕೇಳುವಾಗ ಕೈಯಲ್ಲಿ ಅಂಕಿ ಇರಲಿ.

ಮಾರ್ಗನ್ ಅವರ ಕೊನೆಯ ವರ್ಷಗಳು ಸುಲಭವಾಗಿರಲಿಲ್ಲ. 1943ರಲ್ಲಿ ಗ್ಲಾಕೋಮಾ ಎಂಬ ಕಣ್ಣಿನ ರೋಗ ಬಂದು ದೃಷ್ಟಿ ಬಹುಮಟ್ಟಿಗೆ ಹೋಯಿತು. ಆದರೂ ಹೊಸ ವಸ್ತುಗಳ ಯೋಚನೆ ಬಿಡಲಿಲ್ಲ. 1963ರ ಜುಲೈ 27ರಂದು, 86ನೆಯ ವಯಸ್ಸಿನಲ್ಲಿ, ಕ್ಲೀವ್‌ಲ್ಯಾಂಡಿನಲ್ಲಿಯೇ ತೀರಿಕೊಂಡರು. 1916ರ ಆ ರಾತ್ರಿಯ ಕೆಲಸಕ್ಕೆ ನಗರ ತಕ್ಕ ಗೌರವ ಕೊಟ್ಟದ್ದು ಬಹಳ ತಡವಾಗಿ. 1991ರಲ್ಲಿ, ಈರಿ ಸರೋವರದ ನೀರನ್ನು ಶುದ್ಧ ಮಾಡಿ ಕ್ಲೀವ್‌ಲ್ಯಾಂಡಿನ ಮನೆಗಳಿಗೆ ಕಳುಹಿಸುವ ಘಟಕವೊಂದಕ್ಕೆ ಗ್ಯಾರೆಟ್ ಮಾರ್ಗನ್ ಅವರ ಹೆಸರು ಇಟ್ಟರು.