ಕಿತಾಸಾಟೊ ಶಿಬಾಸಬುರೊ

ಕಿತಾಸಾಟೊ ಶಿಬಾಸಬುರೊ (ಜನವರಿ 29, 1853 – ಜೂನ್ 13, 1931) ಜಪಾನಿನ ವೈದ್ಯರು ಹಾಗೂ ಸೂಕ್ಷ್ಮಜೀವಿ ವಿಜ್ಞಾನಿ. ಆಮ್ಲಜನಕವಿರುವಲ್ಲಿ ಬೆಳೆಯಲಾರದ ಧನುರ್ವಾಯುವಿನ ಬ್ಯಾಕ್ಟೀರಿಯವನ್ನು 1889ರಲ್ಲಿ ಮೊದಲ ಬಾರಿಗೆ ಬೇರ್ಪಡಿಸಿ, ಶುದ್ಧ ರೂಪದಲ್ಲಿ ಬೆಳೆಸಿದವರು ಇವರು. ಜಪಾನಿನ ರೂಢಿಯಂತೆ ಕಿತಾಸಾಟೊ ಎಂಬುದು ಮನೆತನದ ಹೆಸರು.

ಆರಂಭಿಕ ಜೀವನ

ಕ್ಯುಶು ದ್ವೀಪದ ಕುಮಾಮೊಟೊ ಪ್ರಾಂತದ ಒಗುನಿಯಲ್ಲಿ ಜನಿಸಿದರು. ಕುಮಾಮೊಟೊ ಮತ್ತು ಟೋಕಿಯೊಗಳಲ್ಲಿ ವೈದ್ಯಶಾಸ್ತ್ರವನ್ನು ಅಭ್ಯಸಿಸಿ 1883ರಲ್ಲಿ ಪದವೀಧರರಾದರು. ಅನಂತರ ಸರ್ಕಾರದ ನೆರವಿನಿಂದ ಜರ್ಮನಿಗೆ ತೆರಳಿ, ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಅವರ ಶಿಷ್ಯರಾದರು.

ಧನುರ್ವಾಯುವಿನ ಸಂಶೋಧನೆ

ಗಾಳಿಯಿಲ್ಲದೆ ಬದುಕುವ ಅವಾಯುವಿಕ ಜೀವಿಗಳಿವೆ ಎಂಬುದನ್ನು ಲೂಯಿ ಪಾಶ್ಚರ್ 1861ರಲ್ಲಿಯೇ ತೋರಿಸಿದ್ದರು. 1884ರಲ್ಲಿ ಆರ್ಥರ್ ನಿಕೊಲಾಯರ್, ಮಣ್ಣನ್ನು ಪ್ರಾಣಿಗಳ ಚರ್ಮದಡಿ ಸೇರಿಸಿ ಧನುರ್ವಾಯು ಬರಿಸಿ, ಗಾಯದ ಕೀವಿನಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯವನ್ನು ಕಂಡರು. ಆದರೆ ಅದನ್ನು ಇತರ ಸೂಕ್ಷ್ಮಜೀವಿಗಳಿಂದ ಬೇರ್ಪಡಿಸಲು ಅವರಿಂದ ಆಗಲಿಲ್ಲ. ಇತರ ಜೀವಿಗಳ ಒಡನಾಟವಿಲ್ಲದೆ ಅದು ಬದುಕಲಾರದು ಎಂದೇ ಕೆಲವು ವಿದ್ವಾಂಸರು ಭಾವಿಸಿದರು.

ಕಿತಾಸಾಟೊ ಇದನ್ನು ಒಪ್ಪಲಿಲ್ಲ. ಈ ಬ್ಯಾಕ್ಟೀರಿಯವು ಶಾಖವನ್ನು ತಾಳಬಲ್ಲ ಬೀಜಕಗಳನ್ನು ರೂಪಿಸುತ್ತದೆ. ಆದ್ದರಿಂದ ಅವರು ಮಿಶ್ರ ಕೃಷಿಯನ್ನು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು ಒಂದು ಗಂಟೆ ಕಾಲ ಕಾಯಿಸಿದರು. ಉಳಿದ ಬ್ಯಾಕ್ಟೀರಿಯಗಳು ಸತ್ತು, ಧನುರ್ವಾಯುವಿನ ಬೀಜಕಗಳು ಉಳಿದವು. ಬಳಿಕ ಪಾತ್ರೆಯಲ್ಲಿದ್ದ ಗಾಳಿಯನ್ನು ಹೊರದೂಡಿ, ಜಲಜನಕವನ್ನು ತುಂಬಿ, ಅವುಗಳನ್ನು ಬೆಳೆಸಿದರು. ಹೀಗೆ ಬೆಳೆದ ಬ್ಯಾಕ್ಟೀರಿಯವನ್ನು ಚುಚ್ಚಿದಾಗ ಪ್ರಾಣಿಗಳಿಗೆ ಧನುರ್ವಾಯು ತಗಲಿತು. ಉಪಾಯ ಸರಳವೆನಿಸಬಹುದು, ಆದರೆ ಅಲ್ಲಿಯವರೆಗೆ ಅದು ಯಾರಿಗೂ ಸಾಧ್ಯವಾಗಿರಲಿಲ್ಲ.

ಆಳವಾದ, ಬಾಯಿ ಕಿರಿದಾದ ಗಾಯಗಳು ಏಕೆ ಹೆಚ್ಚು ಅಪಾಯಕಾರಿ ಎಂಬುದೂ ಈ ಜೀವಿಯ ಸ್ವಭಾವದಿಂದ ತಿಳಿಯುತ್ತದೆ. ಅಲ್ಲಿನ ಸತ್ತ ಅಂಗಾಂಶಕ್ಕೆ ಆಮ್ಲಜನಕ ತಲಪುವುದಿಲ್ಲ. ತುಕ್ಕು ಹಿಡಿದ ಮೊಳೆಯ ಬಗ್ಗೆ ಜನರಲ್ಲಿರುವ ಭಯ ಸಕಾರಣವಾದುದೇ. ಆದರೆ ದೋಷ ತುಕ್ಕಿನದಲ್ಲ, ಮೊಳೆಗೆ ಅಂಟಿದ ಮಣ್ಣಿನದು ಮತ್ತು ಗಾಯದ ಆಳದ್ದು.

ಪ್ರತಿವಿಷ ಮತ್ತು ನೊಬೆಲ್ ಪ್ರಶಸ್ತಿ

ಶುದ್ಧ ಕೃಷಿ ದೊರೆತುದರಿಂದ ಬ್ಯಾಕ್ಟೀರಿಯದ ವಿಷವನ್ನು ಪ್ರತ್ಯೇಕವಾಗಿ ಪರೀಕ್ಷಿಸಲು ಸಾಧ್ಯವಾಯಿತು. ರೋಗನಿರೋಧಶಕ್ತಿ ಪಡೆದ ಮೊಲದ ರಕ್ತದ ಸೀರಮ್, ಇಲಿಗಳನ್ನು ಧನುರ್ವಾಯುವಿನಿಂದ ಕಾಪಾಡುತ್ತದೆ ಎಂಬುದನ್ನು ಕಿತಾಸಾಟೊ ಹಾಗೂ ಎಮಿಲ್ ಫಾನ್ ಬೇರಿಂಗ್ 1890ರ ಡಿಸೆಂಬರಿನಲ್ಲಿ ಜಂಟಿಯಾಗಿ ಪ್ರಕಟಿಸಿದರು. ಸೀರಮ್ ಚಿಕಿತ್ಸೆಗೆ, ವಿಶೇಷವಾಗಿ ಗಂಟಲಮಾರಿಯಲ್ಲಿ ಅದರ ಬಳಕೆಗೆ, 1901ರ ಪ್ರಥಮ ವೈದ್ಯಕೀಯ ನೊಬೆಲ್ ಬೇರಿಂಗ್ ಒಬ್ಬರಿಗೇ ಸಂದಿತು. ಧನುರ್ವಾಯುವಿನ ಕಾರ್ಯದಲ್ಲಿ ಕಿತಾಸಾಟೊ ಅವರ ಪಾಲನ್ನು ಗಮನಿಸಿದರೆ ಇದು ನ್ಯಾಯವೆನಿಸುವುದಿಲ್ಲ.

ಸ್ವದೇಶದಲ್ಲಿ

ಬೆರಿಬೆರಿಗೆ ಬ್ಯಾಕ್ಟೀರಿಯವೇ ಕಾರಣವೆಂಬ ಟೋಕಿಯೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ವಾದವನ್ನು ಕಿತಾಸಾಟೊ ಟೀಕಿಸಿದ್ದರಿಂದ ಅಲ್ಲಿನವರ ಅಸಮಾಧಾನಕ್ಕೆ ಗುರಿಯಾಗಿದ್ದರು. 1892ರಲ್ಲಿ ಮರಳಿದಾಗ ಚಿಂತಕ ಫುಕುಜಾವಾ ಯುಕಿಚಿ ನೆರವಾಗಿ, ಸಾಂಕ್ರಾಮಿಕ ರೋಗಗಳ ಸಂಶೋಧನಾಲಯ ಸ್ಥಾಪನೆಯಾಯಿತು. 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ಬ್ಯಾಕ್ಟೀರಿಯವನ್ನು ಹುಡುಕಿದರು. ಆದರೆ ಅವರು ನೀಡಿದ ವಿವರಗಳಲ್ಲಿ ಗೊಂದಲವಿದ್ದುದರಿಂದ, ಅದೇ ಸಮಯದಲ್ಲಿ ಅಲ್ಲಿದ್ದ ಅಲೆಕ್ಸಾಂಡರ್ ಯೆರ್ಸಿನ್ ಅವರಿಗೆ ಹೆಚ್ಚಿನ ಶ್ರೇಯ ಸಲ್ಲುತ್ತದೆ.

1914ರಲ್ಲಿ ಸರ್ಕಾರವು ಸಂಶೋಧನಾಲಯವನ್ನು ಶಿಕ್ಷಣ ಇಲಾಖೆಗೆ ವರ್ಗಾಯಿಸಿದಾಗ ರಾಜೀನಾಮೆ ನೀಡಿ, ಕಿತಾಸಾಟೊ ಸಂಸ್ಥೆಯನ್ನು ಕಟ್ಟಿದರು. 2024ರಲ್ಲಿ ಬಿಡುಗಡೆಯಾದ ಜಪಾನಿನ 1000 ಯೆನ್ ನೋಟಿನಲ್ಲಿ ಅವರ ಭಾವಚಿತ್ರವಿದೆ.